ರಂಗೂನಿನ ನಿಖಾಹ್‌ಗೆ ದಾಖಲೆ ಎಲ್ಲಿದೆ?

ಊರಲ್ಲಿರುವ ಅಜ್ಜನ ತೋಟ ಪಾಲು ಮಾಡಬೇಕೆಂದು ರಾಯಚೂರಲ್ಲಿ ನೆಲೆಸಿದ ಮೊಮ್ಮಕ್ಕಳು ಮದರಸಕ್ಕೆ ಬಂದಿದ್ದರು. ಲೆಕ್ಕ ಮುಗಿಯುವಾಗ ಜೊತೆಗಿದ್ದ ಮಾಮಿ, ‘ಉಸ್ತಾದರೇ, ಅಜ್ಜನಿಗೆ ರಂಗೂನಲ್ಲೂ ಒಬ್ಬ ಬೀವಿ ಇದ್ದರಲ್ಲ’ ಅಂದರು. ಲೆಕ್ಕ ಅಲ್ಲಿಗೇ ನಿಂತಿತು. ಮಕ್ಕಳಿರುವಾಗ ಪತ್ನಿಯರಿಗೆಲ್ಲ ಸೇರಿ ಎಂಟನೇ ಒಂದು ಪಾಲು. ಅಲ್ಲಿ ಮಕ್ಕಳಿದ್ದರೆ ಅವರೂ ವಾರಸುದಾರರೇ. ಆದರೆ ಆಕೆಯ ಹೆಸರೇ ಯಾರಿಗೂ ಗೊತ್ತಿಲ್ಲ. 1942ರಲ್ಲಿ ಜಪಾನ್ ಸೇನೆ ಬರ್ಮಾಕ್ಕೆ ನುಗ್ಗಿದಾಗ ಲಕ್ಷಾಂತರ ಭಾರತೀಯರು ಎಲ್ಲ ಬಿಟ್ಟು ಓಡಿಬಂದರು. ಅಜ್ಜನೂ ಬರಿಗೈಲಿ ಬಂದವರಂತೆ.

ಇಲ್ಲಿನವರ ಪಾಡೂ ಬೇರೆಯಲ್ಲ. ರಾಯಚೂರು, ಮಾನ್ವಿ, ದೇವದುರ್ಗ 1948ರವರೆಗೆ ನಿಜಾಮರ ಕೈಲಿದ್ದವು, ಸರಕಾರಿ ಭಾಷೆ ಉರ್ದು. ಹಳೇ ಕಾಗದ ಪೆಟ್ಟಿಗೆಯಲ್ಲಿದ್ದರೂ ಓದುವ ಮೊಮ್ಮಕ್ಕಳು ಎಷ್ಟು ಮಂದಿ? ನಮ್ಮ ವಂಶಾವಳಿಗಳಲ್ಲಂತೂ ಗಂಡಸರ ಹೆಸರೇ ಸಾಲುಸಾಲು. ತಾಯಂದಿರು ಬರೇ ‘ಇಂಥವರ ಹೆಂಡತಿ’.

ಈಗ ದುಬೈ, ಜಿದ್ದಾದಲ್ಲಿ ನಿಖಾಹ್ ಆಗುವವರು ಸರ್ಟಿಫಿಕೇಟಿನ ಒಂದು ಪ್ರತಿ ಊರಿನ ಜಮಾಅತಿಗೂ ಕೊಡಲಿ. ವಧುವಿನ ಹೆಸರು, ಆಕೆಯ ತಾಯಿಯ ಹೆಸರು, ತವರೂರು ಬರೆದಿರಲಿ. ಜಮಾಅತಿನವರು ಚಂದಾ ಪುಸ್ತಕ ಕಾಪಾಡುವಷ್ಟೇ ಜೋಪಾನವಾಗಿ ನಿಖಾಹ್ ಪುಸ್ತಕವನ್ನೂ ಇಡಲಿ.

‘ಮುದುಕಿಯ ಮಾತು ಬಿಡಿ ಉಸ್ತಾದರೇ’ ಅಂದ ಮೊಮ್ಮಗನಿಗೆ ನಾನು ಒಪ್ಪಲಿಲ್ಲ. ಮೊದಲು ವಿಚಾರಿಸಿ, ಆಮೇಲೆ ಪಾಲು ಅಂದೆ. ಮಾಮಿಗೆ ಎಂಬತ್ತು ದಾಟಿದೆ. ಅವರು ಹೇಳುವುದನ್ನು ಈ ವಾರವೇ ಬರೆದುಕೊಳ್ಳಲು ಹೇಳಿ ಕಳಿಸಿದ್ದೇನೆ.