ಲಂಟಾನ: ಕಡಿದಷ್ಟೂ ಚಿಗುರೋ ಪೊದೆ, ಒಬ್ಬರ ಬೇಲಿಯೊಳಗೆ ಮುಗಿಯೋ ಕೆಲಸ ಅಲ್ಲ

ಮಡಿಕೇರಿ: ಕೊಡಗಿನ ಕಾಫಿ ತೋಟಗಳಲ್ಲಿ ಪ್ರತಿ ವರ್ಷ ಇದೇ ಕಥೆ. ಆಳು ಹಿಡಿದು ತೋಟದ ಅಂಚಿನ ಲಂಟಾನ ಕಡಿಸ್ತಾರೆ. ನಾಲ್ಕು ಮಳೆ ಬಿದ್ದರೆ ಸಾಕು, ಬುಡದಿಂದ ಕವಲು ಹೊಡೆದು ಮೊದಲಿಗಿಂತ ದಟ್ಟವಾಗಿ ನಿಂತಿರುತ್ತೆ. ಕೂಲಿ ದುಡ್ಡು ಹೋಯ್ತು, ಪೊದೆ ಅಲ್ಲೇ ಉಳೀತು.

ತಪ್ಪಾಗ್ತಿರೋದು ಎಲ್ಲಿ? ಕತ್ತಿಯಲ್ಲಿ ಮೇಲಷ್ಟೇ ಸವರಿದರೆ ಲಂಟಾನಕ್ಕೆ ಅದು ಕಸಿ ಮಾಡಿದ ಹಾಗೆ. ಹೊಸ ಚಿಗುರು ಬರೋದು ಕಾಂಡ ಮತ್ತು ಬೇರು ಸೇರುವ ಜಾಗದಿಂದ. ಅದಕ್ಕೇ ಮಣ್ಣಿನಿಂದ 3ರಿಂದ 5 ಸೆಂ.ಮೀ. ಕೆಳಗೆ ತಾಯಿಬೇರನ್ನು ಕತ್ತರಿಸಿ, ಪೊದೆಯನ್ನು ತಲೆಕೆಳಗು ಮಾಡಿ ಒಣಗಿಸಬೇಕು. ದೆಹಲಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ರೂಪಿಸಿದ ವಿಧಾನ ಇದು. ಗುದ್ದಲಿ ಇದ್ದರೆ ಸಾಕು. ಮಣ್ಣು ಹೆಚ್ಚು ಅಗೆಯೋದಿಲ್ಲವಾದ್ದರಿಂದ ಇಳಿಜಾರಿನಲ್ಲಿ ಮಣ್ಣು ಕೊಚ್ಚಿ ಹೋಗುವ ಭಯವೂ ಕಡಿಮೆ. ಆದರೆ ಹಣ್ಣಾಗುವ ಮೊದಲೇ ಮಾಡಬೇಕು.

ಹಣ್ಣಾದರೆ ಬೀಜ ಹೊರೋದು ಹಕ್ಕಿಗಳು. ಅವಕ್ಕೆ ಬೇಲಿ ಗೊತ್ತಿಲ್ಲ. ಪಕ್ಕದ ಪಾಳು ತೋಟದಲ್ಲೋ ಪೈಸಾರಿ ಜಾಗದಲ್ಲೋ ಪೊದೆ ಇದ್ದರೆ, ಈಚೆ ತೋಟದವರು ಎಷ್ಟು ಖರ್ಚು ಮಾಡಿದರೂ ಮುಂದಿನ ಮಳೆಗಾಲಕ್ಕೆ ಸಸಿ ರೆಡಿ.

ಇನ್ನು ಕಳೆನಾಶಕದ ಮಾತು. ಹೆಚ್ಚು ಹೆಸರು ಕೇಳಿಬರುವ ಗ್ಲೈಫೋಸೇಟ್‌ಗೆ ನಮ್ಮ ದೇಶದಲ್ಲಿ ನೋಂದಣಿ ಇರೋದು ಚಹಾ ತೋಟ ಮತ್ತು ಬೆಳೆ ಇಲ್ಲದ ಜಾಗಕ್ಕೆ. ಕಾಫಿ ಆ ಪಟ್ಟಿಯಲ್ಲಿಲ್ಲ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಇದರ ಬಳಕೆಗೆ ಇನ್ನಷ್ಟು ನಿರ್ಬಂಧದ ಅಧಿಸೂಚನೆಯನ್ನೂ ಹೊರಡಿಸಿತ್ತು. ಮಾರುವ ಅಂಗಡಿಯವರೂ ಕೊಳ್ಳುವವರೂ ಲೇಬಲ್ ಓದೋದು ಒಳ್ಳೆಯದು.

ಹೋಗಲಿ ಬಿಡಿ ಅನ್ನೋ ಹಾಗೂ ಇಲ್ಲ. ಎಲೆ ತಿಂದ ದನಗಳ ಪಿತ್ತಜನಕಾಂಗ ಕೆಡುತ್ತೆ. ಬೇಸಿಗೆಯಲ್ಲಿ ಒಣಗಿದ ಪೊದೆಗೆ ಕಿಡಿ ಬಿದ್ದರೆ ಬೆಂಕಿ ಮರದ ರೆಂಬೆವರೆಗೂ ಏರುತ್ತೆ. ದಟ್ಟ ಪೊದೆಯ ಹಿಂದೆ ಆನೆ ನಿಂತಿದ್ದರೆ ಬೆಳಿಗ್ಗೆ ಕೆಲಸಕ್ಕೆ ಬರುವ ಕಾರ್ಮಿಕರಿಗೆ ಹತ್ತಿರ ಹೋಗೋವರೆಗೂ ಕಾಣಲ್ಲ. ಕಾಡಿನಲ್ಲಿ ಇದೇ ಲಂಟಾನ ಹುಲ್ಲನ್ನು ಮುಚ್ಚಿಹಾಕಿ ಪ್ರಾಣಿಗಳ ಮೇವನ್ನೂ ಕಿತ್ತುಕೊಂಡಿದೆ.

ಕಡಿದದ್ದು ಪೂರ್ತಿ ಕಸವೂ ಅಲ್ಲ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಇದರ ಕಡ್ಡಿಯಿಂದ ಕುರ್ಚಿ, ಬುಟ್ಟಿ ಮಾಡಿ ಮಾರಿದ್ದಾರೆ. ಹಾಗಂತ ಕುರ್ಚಿ ಮಾಡಿಯೇ ಲಂಟಾನ ಮುಗಿಸ್ತೀವಿ ಅನ್ನೋದು ಆಗದ ಮಾತು. ಪೊದೆ ಅಷ್ಟಿದೆ.

ಉಳಿದಿರೋ ದಾರಿ ಒಂದೇ. ಅಕ್ಕಪಕ್ಕದ ತೋಟದವರು ಒಂದೇ ಸಮಯಕ್ಕೆ ಬುಡ ತೆಗೆಯಬೇಕು, ಪೈಸಾರಿ ಜಾಗದ್ದು ಪಂಚಾಯಿತಿ ಗ್ರಾಮಸಭೆಯಲ್ಲಿ ಚರ್ಚೆಗೆ ಬರಬೇಕು. ತೆಗೆದ ಜಾಗ ಖಾಲಿ ಬಿಡದೆ ಹುಲ್ಲೋ ನೆರಳಿನ ಮರವೋ ಹಾಕಿ, ಮುಂದಿನ ಎರಡು ಮೂರು ಮಳೆಗಾಲ ಸಸಿ ಕೀಳಬೇಕು. ಮೊದಲ ವರ್ಷ ಖರ್ಚು ಜಾಸ್ತಿ ಅನ್ನಿಸುತ್ತೆ. ಆದರೆ ಪ್ರತಿ ವರ್ಷ ಸವರೋದಕ್ಕೆ ಕೊಡುವ ಕೂಲಿಯನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲ?