ನಾಲ್ಕೂವರೆ ಮಿಲಿಮೀಟರಿನ ಜಗಳ

'ಯಾರು ನೋಡುತ್ತಾರೆ?' ಎಂಬ ಮಾತು ಮನುಷ್ಯನ ಕೈಗೆಲಸಕ್ಕೆ ಮಾಡಿದಷ್ಟು ಹಾನಿಯನ್ನು ಬೇರಾವ ಮಾತೂ ಮಾಡಿರಲಾರದು. ಜೀವಮಾನವೆಲ್ಲ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದ ನಾನು ಇದನ್ನು ಎಷ್ಟು ಬಾರಿ ಕೇಳಿದ್ದೇನೆಂಬುದು ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಕೋನಮಾಪಕವಿಲ್ಲದೆ ಅಂದಾಜಿನಲ್ಲಿ ಎಳೆದ ಲಂಬರೇಖೆಯ ಮುಂದೆ ನಿಂತು, 'ಸಾರ್, ನೋಡಿದರೆ ತೊಂಬತ್ತು ಡಿಗ್ರಿಯ ಹಾಗೆಯೇ ಇದೆಯಲ್ಲ' ಎಂದವರು ನೀವೇ ಅಲ್ಲವೇ! ಇರಲಿ. ಈಗ ಅದೇ ಮಾತು ಐರ್ಲೆಂಡಿನ ಒಂದು ಹಿತ್ತಲ ಶೆಡ್ಡಿನಲ್ಲಿ ನನಗೆ ಎದುರಾಗಿದೆ. ಅದಕ್ಕೊಂದು ಉತ್ತರ ಕೊಡದೆ ಬಿಡುವುದು ಮೇಷ್ಟರಾದವರಿಗೆ ಒಪ್ಪುವುದಿಲ್ಲ.

ವಿಷಯವನ್ನು ಮೊದಲು ಹೇಳಿಬಿಡುತ್ತೇನೆ. ಡಬ್ಲಿನ್ನಿನಲ್ಲಿರುವ ಮಗಳ ಮನೆಯಲ್ಲಿ ನಾವು ದಂಪತಿಗಳು ಎರಡು ಬೇಸಿಗೆಗಳನ್ನು ಕಳೆದೆವು. ಪಕ್ಕದ ಮನೆಯ ಹಿರಿಯರು ಮೊನಹನ್ ಜಿಲ್ಲೆಯ ಕಡೆಯವರು. ತಮ್ಮ ಹಿತ್ತಲಿನ ಮರದ ಶೆಡ್ಡಿನಲ್ಲಿ ಅವರು ಕ್ಲೋನ್ಸ್ ಎಂಬ ಊರಿನ ರೈಲು ನಿಲ್ದಾಣವನ್ನು, ಅದು 1950ರ ದಶಕದಲ್ಲಿ ಇದ್ದಂತೆ, ಮಾದರಿಯಾಗಿ ಕಟ್ಟುತ್ತಿದ್ದಾರೆ. ನಿಜವಾದ ಒಂದು ಅಡಿಗೆ ನಾಲ್ಕು ಮಿಲಿಮೀಟರ್, ಇದು ಪ್ರಮಾಣ. ಈ ಪ್ರಮಾಣದಲ್ಲಿ ಅಂಗಡಿಯಲ್ಲಿ ಸಿಗುವ ಸಿದ್ಧ ಹಳಿಗಳ ಅಗಲ 16.5 ಮಿಲಿಮೀಟರ್. ಐರ್ಲೆಂಡಿನ ಬ್ರಾಡ್ ಗೇಜು ಐದು ಅಡಿ ಮೂರು ಅಂಗುಲ. ಅದಕ್ಕೆ ಸರಿಯಾಗಿ ಇರಬೇಕಾದದ್ದು 21 ಮಿಲಿಮೀಟರ್. ಅಂಗಡಿಯ ಹಳಿ ಬೇಡವೆಂದು ಆ ಹಿರಿಯರು ಹಳಿ, ಸ್ಲೀಪರು, ಪಾಯಿಂಟುಗಳೆಲ್ಲವನ್ನೂ 21 ಮಿಲಿಮೀಟರಿಗೆ ಕೈಯಿಂದಲೇ ಮಾಡುತ್ತಿದ್ದಾರೆ. ಇಡೀ ಜಗಳ ಈ ನಾಲ್ಕೂವರೆ ಮಿಲಿಮೀಟರಿನದು.

ಅವರ ಗೆಳೆಯರು ನಗುತ್ತಾರೆ. ನಾನು ದಿನಕ್ಕೆರಡು ಗಂಟೆ ಅಲ್ಲಿ ಕುಳಿತು ಹಳಿಗೆ ಅರ ಉಜ್ಜುತ್ತೇನೆಂದು ತಿಳಿದು ನನ್ನ ತಮ್ಮನ ಮಗನೂ ಫೋನಿನಲ್ಲಿ ನಕ್ಕ: 'ದೊಡ್ಡಪ್ಪಾ, ಅಷ್ಟು ದೂರ ಹೋಗಿ ಹುಡುಗರ ಆಟಿಕೆಯ ಅಗಲ ಅಳೆಯುತ್ತ ಕೂತಿದ್ದೀರಾ?' ಹೌದಪ್ಪಾ, ಅಳೆಯುತ್ತಿದ್ದೇನೆ. ಯಾಕೆಂದು ಹೇಳುತ್ತೇನೆ, ಕೇಳು.

ಮೊದಲು ಲೆಕ್ಕ. ನಾಲ್ಕು ಮಿಲಿಮೀಟರ್ ಪ್ರಮಾಣವೆಂದರೆ ನಿಜದ 76.2ರಲ್ಲಿ ಒಂದು ಪಾಲು. 16.5 ಮಿಲಿಮೀಟರನ್ನು 76.2ರಿಂದ ಗುಣಿಸಿದರೆ ಸುಮಾರು 1257 ಮಿಲಿಮೀಟರ್, ಅಂದರೆ ನಾಲ್ಕು ಅಡಿ ಒಂದೂವರೆ ಅಂಗುಲ. ಐರಿಷ್ ಗೇಜು 1600 ಮಿಲಿಮೀಟರ್. ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಮಾಯವಾಯಿತು! ಇನ್ನೊಂದು ರೀತಿಯಲ್ಲಿ ಹೇಳುವುದಾದರೆ, 1600ಕ್ಕೂ 1257ಕ್ಕೂ ಇರುವ ಅಂತರ 343. 1257ಕ್ಕೂ ನಮ್ಮ ಹಳೆಯ ಮೈಸೂರು ಸೀಮೆಯ ಮೀಟರ್ ಗೇಜಿನ 1000ಕ್ಕೂ ಇರುವ ಅಂತರ 257. ಎಂದರೆ, ಅಂಗಡಿಯ ಹಳಿಯ ಮೇಲೆ ನಿಂತ 'ಐರಿಷ್ ಬ್ರಾಡ್ ಗೇಜು' ರೈಲು ಐರ್ಲೆಂಡಿಗಿಂತ ನಮ್ಮ ಬೆಂಗಳೂರು–ಮೈಸೂರು ನಡುವಿನ ಹಳೆಯ ಮೀಟರ್ ಗೇಜಿಗೇ ಹೆಚ್ಚು ಹತ್ತಿರ. ಇದನ್ನು 'ಸ್ವಲ್ಪ ವ್ಯತ್ಯಾಸ' ಎನ್ನುವವರು ಯಾವ ಪರೀಕ್ಷೆಯಲ್ಲಿ ತೇರ್ಗಡೆಯಾದರೋ ನಾನರಿಯೆ. ಎದುರಿನಿಂದ ನೋಡಿದರಂತೂ ಎಂಜಿನ್ನು ಕೋಲುಕಾಲಿನ ಮೇಲೆ ನಿಂತ ದಢೂತಿ ಆಸಾಮಿಯಂತೆ ಕಾಣುತ್ತದೆ.

ಈ 16.5 ಎಲ್ಲಿಂದ ಬಂತು? ಯಾವ ದೇಶದ ಯಾವ ರೈಲನ್ನೂ ನಾಲ್ಕು ಮಿಲಿಮೀಟರ್ ಪ್ರಮಾಣದಲ್ಲಿ ಅಳೆದು ಬಂದದ್ದಲ್ಲ ಅದು. ಒಂದು ಅಡಿಗೆ ಮೂರೂವರೆ ಮಿಲಿಮೀಟರ್ ಪ್ರಮಾಣಕ್ಕೆ ಹೊಂದುವ ಹಳಿ ಅದು. ಆ ಪ್ರಮಾಣದಲ್ಲಿ ನಾಲ್ಕು ಅಡಿ ಎಂಟೂವರೆ ಅಂಗುಲದ ಗೇಜಿಗೆ ಸರಿಯಾಗಿಯೇ ಇದೆ. ಬ್ರಿಟನ್ನಿನ ಎಂಜಿನ್ನುಗಳು ಗಾತ್ರದಲ್ಲಿ ಚಿಕ್ಕವಾದ್ದರಿಂದ ಆ ಕಾಲದ ಮೋಟಾರು ಅವುಗಳ ಒಡಲಿನಲ್ಲಿ ಹಿಡಿಯಲಿಲ್ಲ. ತಯಾರಕರು ಒಡಲನ್ನು ನಾಲ್ಕು ಮಿಲಿಮೀಟರ್ ಪ್ರಮಾಣಕ್ಕೆ ಹಿಗ್ಗಿಸಿ ಹಳಿಯನ್ನು ಇದ್ದಂತೆಯೇ ಬಿಟ್ಟರು. 1938ರಲ್ಲಿ ಮಾರುಕಟ್ಟೆಗೆ ಬಂದ ಹಾರ್ನ್‌ಬಿ ಡಬ್ಲೋ ಆಟಿಕೆಗಳಿಂದ ಅದು ಮನೆಮನೆಯ ಅಳತೆಯಾಯಿತು. ('ಡಬ್ಲೋ' ಎಂದರೆ ಡಬ್ಲಿನ್ ಅಲ್ಲ, ಜೋಡಿ 'ಓ' ಎಂಬುದರ ಹ್ರಸ್ವರೂಪ.) ಅಂದಿನ ಮೋಟಾರಿನ ಅನುಕೂಲಕ್ಕೆ ಮಾಡಿಕೊಂಡ ಹೊಂದಾಣಿಕೆಯೊಂದು ಮೋಟಾರು ಬೆರಳಿನಷ್ಟು ಚಿಕ್ಕದಾದ ಇಂದಿಗೂ ಶಾಸ್ತ್ರವಾಗಿ ಕುಳಿತಿದೆ. ಸ್ವಾರಸ್ಯವೆಂದರೆ, 21 ಮಿಲಿಮೀಟರಿನ ಎಂಜಿನ್ನಿನ ಚೌಕಟ್ಟಿನೊಳಗೆ ಮೋಟಾರಿಗೆ ಇನ್ನೂ ಹೆಚ್ಚು ಜಾಗವಿರುತ್ತದೆ!

ಇನ್ನು ವಿರೋಧಿಗಳ ವಾದಗಳನ್ನು ಒಂದೊಂದಾಗಿ ಪರಿಶೀಲಿಸೋಣ.

'ಐದು ಅಡಿ ಮೂರು ಅಂಗುಲವೆಂಬುದೇ ಒಂದು ರಾಜಿ, ಅದಕ್ಕೇಕೆ ಇಷ್ಟು ಭಕ್ತಿ?' ಎಂಬುದು ಮೊದಲನೆಯದು. ರಾಜಿಯೆಂಬುದು ನಿಜ. 1834ರಲ್ಲಿ ಆರಂಭವಾದ ಡಬ್ಲಿನ್–ಕಿಂಗ್ಸ್‌ಟೌನ್ ರೈಲು ನಾಲ್ಕು ಅಡಿ ಎಂಟೂವರೆ ಅಂಗುಲದ್ದು. 1839ರಲ್ಲಿ ಬೆಲ್‌ಫಾಸ್ಟಿನಿಂದ ಹೊರಟ ಅಲ್‌ಸ್ಟರ್ ರೈಲ್ವೆ ಆರು ಅಡಿ ಎರಡು ಅಂಗುಲ ಹಾಕಿತು. ಡಬ್ಲಿನ್–ದ್ರಾಹೆಡಾ ಕಂಪನಿಯವರು ಐದು ಅಡಿ ಎರಡು ಅಂಗುಲ ಸಾಕೆಂದರು. ಒಂದೇ ದ್ವೀಪದಲ್ಲಿ ಮೂರು ಅಳತೆ! ಕೊನೆಗೆ ಮೇಜರ್ ಜನರಲ್ ಪಾಸ್ಲಿ ಎಂಬ ಅಧಿಕಾರಿ ಎಂಜಿನಿಯರುಗಳ ಅಭಿಪ್ರಾಯ ಕೇಳಿ ಐದು ಅಡಿ ಮೂರು ಅಂಗುಲವನ್ನು ಸೂಚಿಸಿದರು. 1846ರ ಗೇಜು ಶಾಸನ ಅದನ್ನು ಐರ್ಲೆಂಡಿಗೆ ಕಾಯಿದೆಯಾಗಿಸಿತು. ಈ ಅಳತೆ ಆಸ್ಟ್ರೇಲಿಯದ ವಿಕ್ಟೋರಿಯಾಕ್ಕೂ ಬ್ರೆಜಿಲಿಗೂ ಹರಡಿತು. ಆದರೆ ಇದರಿಂದ ನನ್ನ ವಾದವೇ ಗಟ್ಟಿಯಾಗುತ್ತದೆ. ಜಗಳವಾಡಿ, ತಜ್ಞರನ್ನು ಕೇಳಿ, ಹಾಕಿದ್ದ ಹಳಿಯನ್ನು ಕಿತ್ತು ಮತ್ತೆ ಹಾಕಿ ಒಂದು ದೇಶ ಒಪ್ಪಿಕೊಂಡ ಅಳತೆಯಲ್ಲಿ ಆ ದೇಶದ ಚರಿತ್ರೆಯೇ ಅಡಗಿದೆ. ಆ ಅಂಕಿಯನ್ನು ತೆಗೆದು ಆಟಿಕೆ ಕಾರ್ಖಾನೆಯ ಅಂಕಿಯನ್ನು ಇಟ್ಟರೆ ಚರಿತ್ರೆಯ ಪುಟವನ್ನು ಹರಿದು ಬೆಲೆಪಟ್ಟಿಯನ್ನು ಅಂಟಿಸಿದಂತೆ.

ಎರಡನೆಯ ವಾದ ನಿಜಕ್ಕೂ ಬಲವುಳ್ಳದ್ದು. 'ಈ ಪ್ರಮಾಣದಲ್ಲಿ ಒಂದು ಮೈಲಿಗೆ 21 ಮೀಟರಿಗೂ ಹೆಚ್ಚು ಜಾಗ ಬೇಕು. ನಿಮ್ಮ ಶೆಡ್ಡು ಐದು ಮೀಟರ್. ನಿಲ್ದಾಣವನ್ನು ಮೊಟಕುಗೊಳಿಸಿದ್ದೀರಿ, ತಿರುವುಗಳನ್ನು ಬಿಗಿಗೊಳಿಸಿದ್ದೀರಿ. ಉದ್ದದಲ್ಲಿ ಮೋಸ ಮಾಡಿದವರಿಗೆ ಅಗಲದಲ್ಲಿ ಏಕೆ ಈ ಮಡಿ?' ಎಂದು ಕೇಳುತ್ತಾರೆ. ಉತ್ತರ ನನ್ನ ತರಗತಿಯಲ್ಲೇ ಇದೆ. ಸಾರಾಂಶ ಬರೆಯುವುದಕ್ಕೂ ಸುಳ್ಳು ಬರೆಯುವುದಕ್ಕೂ ಅಂತರವುಂಟು. ಹತ್ತು ಪುಟದ ಪಾಠವನ್ನು ಒಂದು ಪುಟಕ್ಕೆ ಇಳಿಸಿದ ವಿದ್ಯಾರ್ಥಿಗೆ ಅಂಕ ಕೊಡುತ್ತೇವೆ. ಆ ಒಂದು ಪುಟದಲ್ಲಿ ರಾಜನ ಹೆಸರನ್ನೇ ಬದಲಿಸಿದವನಿಗೆ ಕೊಡುವುದಿಲ್ಲ. ನಿಲ್ದಾಣದ ಉದ್ದ ಊರಿನಿಂದೂರಿಗೆ ಬೇರೆ, ಕಾಲದಿಂದ ಕಾಲಕ್ಕೆ ಬೇರೆ. ಗೇಜು ಮಾತ್ರ ಆ ಜಾಲದ ಎಲ್ಲ ಊರಿಗೂ, ಎಲ್ಲ ಗಾಲಿಗೂ ಒಂದೇ. ಒಂದಷ್ಟನ್ನು ಬಿಡಲೇಬೇಕಾದಾಗ ಯಾವುದನ್ನು ಬಿಡಬಾರದೆಂಬ ವಿವೇಕವೇ ಮಾದರಿ ಮಾಡುವವನ ವಿದ್ಯೆ.

ಮೂರನೆಯದು ಅನುಕೂಲದ ವಾದ. 'ಸಿದ್ಧ ಹಳಿ ಹಾಕಿದವನು ಆರು ತಿಂಗಳಿಗೆ ರೈಲು ಓಡಿಸುತ್ತಾನೆ, ನೀವು ಆರು ವರ್ಷವಾದರೂ ಬೆಸುಗೆ ಹಾಕುತ್ತಲೇ ಇರುತ್ತೀರಿ.' ಸುಳ್ಳಲ್ಲ. ಆ ಶೆಡ್ಡಿನಲ್ಲಿ ಪ್ರತಿ ಗಾಲಿಜೋಡಿಗೂ ಉದ್ದದ ಅಚ್ಚು ಹಾಕಿ, ಗಾಲಿಗಳ ಒಳಅಂತರವನ್ನು ಗೇಜುಕಟ್ಟಿಯಿಟ್ಟು ಪರೀಕ್ಷಿಸಬೇಕು. ತಾಮ್ರದ ಹಾಳೆ ಹೊದಿಸಿದ ಸ್ಲೀಪರುಗಳ ಮೇಲೆ ಹಳಿಯನ್ನು ಇಂಚಿಂಚಾಗಿ ಬೆಸೆಯಬೇಕು. ಪಾಯಿಂಟಿನಲ್ಲಿ ಗಾಲಿಯ ಅಂಚು ಹಾಯುವ ಸಂದು ಒಂದು ಮಿಲಿಮೀಟರಿನ ಆಸುಪಾಸು. ಕೂದಲೆಳೆಯಷ್ಟು ತಪ್ಪಿದರೂ ಬೋಗಿ ಮಗುಚುತ್ತದೆ. ಐರ್ಲೆಂಡಿನ ಮಳೆಗೆ ಮರದ ಹಲಗೆ ಉಬ್ಬುತ್ತದೆ, ಬಿಸಿಲು ಬಂದ ದಿನ ಹಳಿ ಹಿಗ್ಗುತ್ತದೆ. ಇದೆಲ್ಲ ಬೇಡವೆನ್ನುವವರು ಸಿದ್ಧ ಹಳಿಯನ್ನೇ ಹಾಕಿಕೊಳ್ಳಲಿ, ಮೊಮ್ಮಕ್ಕಳೊಂದಿಗೆ ಸಂತೋಷಪಡಲಿ. ನನ್ನ ತಕರಾರು ಅವರ ಸಂತೋಷದ ಮೇಲಲ್ಲ. ತಾವು ಸುಲಭದ ದಾರಿ ಹಿಡಿದದ್ದಲ್ಲದೆ ಕಷ್ಟದ ದಾರಿ ಹಿಡಿದವನನ್ನು ಹುಚ್ಚನೆನ್ನುವ ಧೋರಣೆಯ ಮೇಲೆ. ತಮ್ಮ ಹಳಿಯ ಪಕ್ಕದಲ್ಲಿ 'ಇದು ನಿಜದ ಅಳತೆಯಲ್ಲ' ಎಂದು ಬರೆದಿಡುವಷ್ಟು ಪ್ರಾಮಾಣಿಕತೆ ತೋರಿದರೆ ನನ್ನ ಜಗಳ ಅಲ್ಲಿಗೇ ಮುಗಿಯಿತು.

ಕಡೆಯದು ನನ್ನ ತಮ್ಮನ ಮಗನ ವಾದ: 'ಎಷ್ಟಾದರೂ ಅದು ಆಟಿಕೆ.' ಇದಕ್ಕೆ ಉತ್ತರಿಸಲು ಕ್ಲೋನ್ಸ್ ಊರಿನ ಕಥೆಯನ್ನೇ ಹೇಳಬೇಕು.

ಅದು ಗ್ರೇಟ್ ನಾರ್ದರ್ನ್ ರೈಲ್ವೆಯ ದೊಡ್ಡ ಜಂಕ್ಷನ್ನು. ಡಂಡಾಕ್, ಎನಿಸ್ಕಿಲನ್, ಕ್ಯಾವನ್, ಅರ್ಮಾ, ಹೀಗೆ ನಾಲ್ಕು ದಿಕ್ಕಿನ ಹಳಿಗಳು ಅಲ್ಲಿ ಕೂಡುತ್ತಿದ್ದವು. ಅರ್ಧವೃತ್ತಾಕಾರದ ಕಾಂಕ್ರೀಟು ಎಂಜಿನ್ ಶೆಡ್ಡಿತ್ತು. ದೇಶವಿಭಜನೆಯಾದ ಮೇಲೆ ಗಡಿರೇಖೆ ಆ ಊರಿನ ಮಗ್ಗುಲಲ್ಲೇ ಹಾದುಹೋಯಿತು. 1957ರಲ್ಲಿ ಉತ್ತರದ ಸರ್ಕಾರ ತನ್ನ ಪಾಲಿನ ಗಡಿಮಾರ್ಗಗಳನ್ನು ಮುಚ್ಚಿತು. ತುದಿ ಕತ್ತರಿಸಿದ ಹಗ್ಗದಂತಾದ ದಕ್ಷಿಣದ ಪಾಲೂ ಉಳಿಯಲಿಲ್ಲ. ಅದೇ ವರ್ಷ ಕ್ಲೋನ್ಸಿಗೆ ಪ್ರಯಾಣಿಕರ ರೈಲು ನಿಂತಿತು. ಮರುವರ್ಷ ಆ ರೈಲ್ವೆಯನ್ನೇ ಎರಡು ದೇಶಗಳು ಹಂಚಿಕೊಂಡವು. 1920ರ ಸುಮಾರಿಗೆ ಆ ದ್ವೀಪದಲ್ಲಿದ್ದ ರೈಲುಮಾರ್ಗಗಳಲ್ಲಿ ಇಂದು ಉಳಿದಿರುವುದು ಸುಮಾರು ಅರ್ಧ ಮಾತ್ರ. ಡಬ್ಲಿನ್ನಿನಲ್ಲಿ 1958ರ ಕೊನೆಯ ದಿನ ಮುಚ್ಚಿದ ಹಾರ್ಕೋರ್ಟ್ ಸ್ಟ್ರೀಟ್ ಮಾರ್ಗದ ಜಾಡಿನಲ್ಲಿ 2004ರಿಂದ ಲುವಾಸ್ ಟ್ರಾಮ್ ಓಡುತ್ತಿದೆ. ಅದರ ಗೇಜು 1435 ಮಿಲಿಮೀಟರ್. ದಾರಿ ಮರಳಿ ಬಂತು, ಅಳತೆ ಬರಲಿಲ್ಲ.

ಈಗ ಯೋಚಿಸಿ. ರೈಲು ಹೋದ ಊರಿನಲ್ಲಿ ನಿಲ್ದಾಣದ ಕಟ್ಟಡ ಉಳಿಯಬಹುದು, ಯಾರದೋ ಮನೆಯಾಗಬಹುದು. ಕಲ್ಲಿನ ಸೇತುವೆ, ಏರಿ ಉಳಿಯಬಹುದು. ಛಾಯಾಚಿತ್ರಗಳಂತೂ ಉಳಿಯುತ್ತವೆ. ಆದರೆ ಎರಡು ಹಳಿಗಳ ನಡುವಿನ ಅಂತರವೆಂಬುದು ಹಳಿ ಕಿತ್ತ ದಿನವೇ ಆ ನೆಲದಿಂದ ಹೊರಟುಹೋಗುತ್ತದೆ, ಅದಕ್ಕೆ ಅವಶೇಷವಿಲ್ಲ. ಡಬ್ಲಿನ್–ಬೆಲ್‌ಫಾಸ್ಟ್ ಮಾರ್ಗದಲ್ಲಿ ಆ ಅಳತೆ ಇಂದಿಗೂ ಜೀವಂತವಾಗಿದೆ, ನಿಜ. ಕ್ಲೋನ್ಸಿನ ನೆಲದ ಮೇಲೆ ಇಲ್ಲ. ಆ ಊರಿನ ಪ್ಲಾಟ್‌ಫಾರಮ್ಮಿನ ಅಂಚಿನಲ್ಲಿ ಹಳಿ ಎಷ್ಟು ಅಗಲವಾಗಿ ಮಲಗಿತ್ತೆಂಬುದನ್ನು ಕಣ್ಣಿಗೆ ತೋರಿಸಬಲ್ಲದ್ದು ಸರಿಯಾಗಿ ಕಟ್ಟಿದ ಮಾದರಿ ಮಾತ್ರ. ಅಲ್ಲಿಯೂ ತಪ್ಪು ಅಳತೆ ಇಟ್ಟರೆ ಮುಂದಿನವರು ತಪ್ಪನ್ನೇ ನಿಜವೆಂದು ನಂಬುತ್ತಾರೆ.

ಹಿತ್ತಲ ಕೆಲಸಕ್ಕೆ ಅಷ್ಟು ಮಹತ್ವವೇ ಎನ್ನಬೇಡಿ. ಡಬ್ಲಿನ್ನಿನ ಇಂಚಿಕೋರ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಸಿರಿಲ್ ಫ್ರೈ ಎಂಬವರು ಬಿಡುವಿನ ವೇಳೆಯಲ್ಲಿ ಮನೆಯಲ್ಲೇ ಮಾಡಿದ ರೈಲು ಮಾದರಿಗಳು ಇಂದು ಮಾಲಹೈಡ್ ಊರಿನ ಕ್ಯಾಸಿನೋ ಮಾಡೆಲ್ ರೈಲ್ವೆ ಮ್ಯೂಸಿಯಮ್ಮಿನಲ್ಲಿವೆ. ಜನ ಟಿಕೆಟ್ಟು ಕೊಂಡು ನೋಡುತ್ತಾರೆ. ಒಬ್ಬನ ಹವ್ಯಾಸ ಯಾವಾಗ ನಾಡಿನ ದಾಖಲೆಯಾಗುತ್ತದೆಂದು ಮೊದಲೇ ಹೇಳಲಾಗದು. ಆದ್ದರಿಂದ ಮೊದಲಿನಿಂದಲೇ ಸರಿಯಾಗಿ ಮಾಡಬೇಕು.

ಪ್ರಿಯ ವಿದ್ಯಾರ್ಥಿಗಳೇ, ಇದು ದೂರದೇಶದ ಮಾತೆಂದು ಪುಟ ಮುಚ್ಚಬೇಡಿ. 1992ರಲ್ಲಿ ಆರಂಭವಾದ ಏಕರೂಪ ಗೇಜು ಯೋಜನೆಯಿಂದ ನಮ್ಮ ಮೀಟರ್ ಗೇಜೂ ಬಹುತೇಕ ಹೋಯಿತು. ಅನುಕೂಲವಾಯಿತು, ಒಪ್ಪುತ್ತೇನೆ; ಗಾಡಿ ಬದಲಿಸುವ ಕಷ್ಟ ತಪ್ಪಿತು. ಆದರೆ ನಿಮ್ಮಲ್ಲಿ ಅನೇಕರು ಶಾಲೆಗೆ ಬರುತ್ತಿದ್ದ ಆ ಗಾಡಿಯ ಹಳಿಯ ಅಗಲವನ್ನು ನಿಮ್ಮ ಮಕ್ಕಳಿಗೆ ಕೈಯಗಲಿಸಿ ತೋರಿಸಬಲ್ಲಿರಾ? ನಿಮ್ಮೂರಿನ ಹಳೆಯ ನಿಲ್ದಾಣ, ಗೂಡ್ಸ್ ಶೆಡ್ಡು, ನೀರಿನ ತೊಟ್ಟಿ ಇನ್ನೂ ನಿಂತಿದ್ದರೆ ಈ ಭಾನುವಾರ ಒಂದು ಟೇಪು ಹಿಡಿದು ಹೋಗಿ. ಅಳೆಯಿರಿ. ತಾರೀಖು ಹಾಕಿ ಬರೆದಿಡಿ. ಅಂದಾಜು ಬರೆಯಬೇಡಿ, ನನಗೆ ಕಳುಹಿಸಿದರೆ ಕೆಂಪು ಶಾಯಿಯಲ್ಲಿ ತಿದ್ದಿ ಹಿಂದಿರುಗಿಸುತ್ತೇನೆ.