ಆಟವೂ ಪಾಠವೇ: ನಮ್ಮ ಶಾಲೆಗಳಲ್ಲಿ ಇಂಗ್ಲಿಷಿನ ಕಲಿಕೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳನ್ನು ಒಳಗೊಂಡ ನಮ್ಮ ಶೈಕ್ಷಣಿಕ ಜಿಲ್ಲೆಯಲ್ಲಿ ಇಂಗ್ಲಿಷಿನ ಪಾಠವಿಲ್ಲದ ಪ್ರೌಢಶಾಲೆಯಿಲ್ಲ. ಆದರೆ ಹತ್ತನೆಯ ತರಗತಿಯನ್ನು ಮುಗಿಸಿ ಹೊರಬಂದ ನಮ್ಮ ಹಳ್ಳಿಯ ಮಕ್ಕಳಲ್ಲಿ, ಆ ಭಾಷೆಯಲ್ಲಿ ನಾಲ್ಕು ಮಾತನ್ನು ಅಂಜದೆ ಆಡಬಲ್ಲವರು ವಿರಳ. ಪರೀಕ್ಷೆಯಲ್ಲಿ ಉತ್ತಮ ಅಂಕಗಳನ್ನು ಗಳಿಸಿದ ವಿದ್ಯಾರ್ಥಿಯೂ ತುಮಕೂರಿನಲ್ಲೋ ಬೆಂಗಳೂರಿನಲ್ಲೋ ಕೆಲಸದ ಸಂದರ್ಶನಕ್ಕೆ ಕುಳಿತಾಗ ಬಾಯಿ ಕಟ್ಟಿದವನಂತಾಗುತ್ತಾನೆ. ಅವನಲ್ಲಿ ಬುದ್ಧಿಗೆ ಕೊರತೆಯಿಲ್ಲ, ಶ್ರಮಕ್ಕೂ ಕೊರತೆಯಿಲ್ಲ. ವರ್ಷಗಟ್ಟಲೆ ಅವನು ಇಂಗ್ಲಿಷನ್ನು ಓದಿದ್ದಾನೆ, ಬರೆದಿದ್ದಾನೆ, ಬಾಯಿಪಾಠ ಮಾಡಿದ್ದಾನೆ. ಆದರೆ ಆ ಭಾಷೆಯಿಂದ ಏನನ್ನಾದರೂ ಪಡೆಯಬೇಕಾದ, ಯಾರಿಗಾದರೂ ಏನನ್ನಾದರೂ ತಿಳಿಸಬೇಕಾದ ಪ್ರಸಂಗವೇ ಅವನಿಗೆ ತರಗತಿಯಲ್ಲಿ ಒದಗಿಲ್ಲ.

ಕರ್ನಾಟಕ ಸರ್ಕಾರವು 2007-08ನೆಯ ಸಾಲಿನಿಂದ ಕನ್ನಡ ಮಾಧ್ಯಮದ ಶಾಲೆಗಳಲ್ಲಿಯೂ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸಲು ತೊಡಗಿತು. ಹೀಗೆ ಕಲಿಕೆಯ ವರ್ಷಗಳು ಹೆಚ್ಚಿದವು. ಕಲಿಸುವ ಬಗೆ ಮಾತ್ರ ಅನೇಕ ಕಡೆ ಹಿಂದಿನಂತೆಯೇ ಉಳಿಯಿತು. ಇದರ ಪರಿಣಾಮವನ್ನು ನಾವೆಲ್ಲರೂ ಕಾಣುತ್ತಿದ್ದೇವೆ. ಸಾಲ ಮಾಡಿಯಾದರೂ ಮಗುವನ್ನು ಇಂಗ್ಲಿಷು ಮಾಧ್ಯಮಕ್ಕೆ ಸೇರಿಸುವ ತಂದೆತಾಯಿಗಳನ್ನು ಹಳಿಯುವುದು ಸುಲಭ. ಕನ್ನಡ ಮಾಧ್ಯಮದಲ್ಲಿ ಓದಿದ ಮಗುವಿಗೂ ಇಂಗ್ಲಿಷು ಚೆನ್ನಾಗಿ ಬರುತ್ತದೆ ಎಂಬುದನ್ನು ನಾವು ತೋರಿಸಿಕೊಡುವವರೆಗೆ ಅವರ ಮನಸ್ಸನ್ನು ತಿರುಗಿಸುವುದು ಸಾಧ್ಯವಿಲ್ಲ. ಇಂಗ್ಲಿಷಿನ ತರಗತಿಯನ್ನು ಸರಿಪಡಿಸುವುದು ಕನ್ನಡ ಶಾಲೆಯನ್ನು ಉಳಿಸಿಕೊಳ್ಳುವ ಕೆಲಸವೂ ಹೌದು.

ಈ ದೃಷ್ಟಿಯಿಂದ ತರಗತಿಯಲ್ಲಿ ಆಟಕ್ಕೆ ಸ್ಥಾನ ಕೊಡಬೇಕೆಂಬುದು ನನ್ನ ವಾದ. ಪಾಠದಿಂದ ದಣಿದ ಮಕ್ಕಳಿಗೆ ವಿರಾಮವೆಂಬಂತೆ ಆಡಿಸುವ ಆಟ ಇಲ್ಲಿ ನನ್ನ ವಿಷಯವಲ್ಲ. ಮಾತನಾಡದೆ ಮುಗಿಸಲಾಗದ, ಕಿವಿಗೊಡದೆ ಗೆಲ್ಲಲಾಗದ ಆಟವೇ ನನ್ನ ವಿಷಯ. ಭಾಷೆಯ ಅಗತ್ಯವನ್ನು ಹುಟ್ಟಿಸುವ ಆಟ ಮಾತ್ರವೇ ಭಾಷೆಯನ್ನು ಕಲಿಸಬಲ್ಲದು.

ನಮ್ಮ ಮಕ್ಕಳಿಗೆ ಭಾಷೆಯನ್ನು ಕಲಿಯುವ ಶಕ್ತಿಯಿಲ್ಲವೆಂಬ ಮಾತು ನಿರಾಧಾರವಾದುದು. ಆಂಧ್ರಪ್ರದೇಶದ ನೆಲದಿಂದ ಬಹುಪಾಲು ಸುತ್ತುವರಿದಿರುವ ಪಾವಗಡದಲ್ಲಿ ಮನೆಯಲ್ಲಿ ತೆಲುಗನ್ನಾಡುವ ಮಗು ಬೀದಿಯಲ್ಲಿ, ಆಟದ ಬಯಲಿನಲ್ಲಿ ಗೆಳೆಯರೊಡನೆ ಕನ್ನಡವನ್ನು ಕಲಿಯುತ್ತದೆ. ಶಿರಾದ ಉರ್ದು ಮನೆಗಳ ಮಕ್ಕಳು ಸಂತೆಯಲ್ಲಿ ನಿರರ್ಗಳವಾಗಿ ಕನ್ನಡದಲ್ಲಿ ವ್ಯವಹರಿಸುತ್ತಾರೆ. ಇವರಾರಿಗೂ ಮೊದಲು ವಿಭಕ್ತಿ ಪ್ರತ್ಯಯಗಳನ್ನು ಹೇಳಿಕೊಟ್ಟು ಆಮೇಲೆ ಮಾತನ್ನು ಕಲಿಸಿದವರಿಲ್ಲ. ಗೆಳೆಯನ ಚೆಂಡು ಬೇಕಾಗಿತ್ತು, ಅಂಗಡಿಯ ಬೆಲ್ಲ ಬೇಕಾಗಿತ್ತು, ಮಾತು ಬಂದಿತು. ಇಂಗ್ಲಿಷಿಗೆ ನಮ್ಮ ಬೀದಿಯಲ್ಲಿ ಅಂಥ ಆಸರೆಯಿಲ್ಲ. ನಮ್ಮ ದೇಶದ ಆಡಳಿತದಲ್ಲಿ ಅದು ಬಳಕೆಯಲ್ಲಿದ್ದರೂ ಕೊರಟಗೆರೆಯ ಹಳ್ಳಿಯ ಮಗುವಿನ ಮಟ್ಟಿಗೆ ಅದು ಪರಭಾಷೆಯೇ. ಆದುದರಿಂದ ಬೀದಿ ಕೊಡಲಾರದ ಅಗತ್ಯವನ್ನು ತರಗತಿಯೇ ನಿರ್ಮಿಸಿಕೊಡಬೇಕು.

ಈ ವಿಚಾರ ಹೊರನಾಡಿನಿಂದ ತಂದ ಹೊಸ ಸರಕೇನಲ್ಲ. 1979ರಿಂದ 1984ರವರೆಗೆ, ಎನ್. ಎಸ್. ಪ್ರಭು ಅವರ ನೇತೃತ್ವದಲ್ಲಿ ದಕ್ಷಿಣ ಭಾರತದ ಕೆಲವು ಸಾಧಾರಣ ಶಾಲೆಗಳಲ್ಲಿ ನಡೆದ ಪ್ರಯೋಗವು ಭಾಷಾಬೋಧನೆಯ ಜಗತ್ತಿನಲ್ಲೆಲ್ಲ ಇಂದಿಗೂ 'ಬೆಂಗಳೂರು ಪ್ರಯೋಗ' ಎಂದೇ ಪ್ರಸಿದ್ಧವಾಗಿದೆ. 1963ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಪ್ರಾದೇಶಿಕ ಇಂಗ್ಲಿಷು ಸಂಸ್ಥೆಯು ಅದರಲ್ಲಿ ಪಾಲುಗೊಂಡಿತ್ತು. ಅಲ್ಲಿ ವ್ಯಾಕರಣದ ಪಾಠಗಳನ್ನು ಒಂದರ ಮೇಲೊಂದರಂತೆ ಪೇರಿಸಲಿಲ್ಲ. ರೈಲಿನ ವೇಳಾಪಟ್ಟಿ, ಊರಿನ ನಕ್ಷೆ ಮುಂತಾದವನ್ನು ಮಕ್ಕಳ ಮುಂದಿಟ್ಟು, ಯೋಚಿಸಿ ಬಿಡಿಸಬೇಕಾದ ಪ್ರಶ್ನೆಗಳನ್ನು ಇಂಗ್ಲಿಷಿನಲ್ಲಿ ಕೇಳಿದರು. ಮಗುವಿನ ಗಮನವೆಲ್ಲ ಪ್ರಶ್ನೆಯನ್ನು ಬಿಡಿಸುವುದರಲ್ಲಿ ನೆಟ್ಟಿರುವಾಗ ಭಾಷೆಯು ತಾನಾಗಿಯೇ ಒಳಗಿಳಿಯುತ್ತದೆ ಎಂಬುದು ಅವರ ನಂಬಿಕೆ. ಪ್ರಭು ಅವರು ಈ ಅನುಭವವನ್ನು 1987ರಲ್ಲಿ ಗ್ರಂಥರೂಪಕ್ಕೆ ತಂದರು.

ಆ ಪ್ರಯೋಗದಿಂದ ನಾವು ಕಲಿಯಬೇಕಾದ ಎಚ್ಚರಗಳೂ ಇವೆ. ಪ್ರಭು ಅವರು ಮಕ್ಕಳನ್ನು ಗುಂಪುಮಾಡಿ ಬಿಟ್ಟುಬಿಡುವುದನ್ನು ಒಪ್ಪಿದವರಲ್ಲ. ತಪ್ಪು ಭಾಷೆಯನ್ನೇ ಪರಸ್ಪರ ಕೇಳುತ್ತಿದ್ದರೆ ತಪ್ಪೇ ಗಟ್ಟಿಯಾಗುತ್ತದೆಂಬ ಶಂಕೆ ಅವರಿಗಿತ್ತು. ಆದುದರಿಂದ ಮೊದಲು ಉಪಾಧ್ಯಾಯರು ಇಡೀ ತರಗತಿಯೊಡನೆ ಅಂಥದೇ ಒಂದು ಪ್ರಶ್ನೆಯನ್ನು ಬಿಡಿಸುತ್ತಿದ್ದರು. ಅನಂತರ ಪ್ರತಿಯೊಂದು ಮಗುವೂ ತಾನೇ ಇನ್ನೊಂದನ್ನು ಬಿಡಿಸಬೇಕಾಗಿತ್ತು. ತರಗತಿಯ ಅರ್ಧದಷ್ಟು ಮಕ್ಕಳಾದರೂ ಕೆಲಸದ ಅರ್ಧದಷ್ಟನ್ನಾದರೂ ಸರಿಯಾಗಿ ಮಾಡಿದರೆ ಆ ಪಾಠ ಅವರ ಮಟ್ಟಕ್ಕೆ ತಕ್ಕುದಾಗಿದೆಯೆಂದು ಎಣಿಸುತ್ತಿದ್ದರು. ಈ ಅಳತೆಗೋಲು ನಮ್ಮ ಶಾಲೆಗಳಿಗೂ ಒಪ್ಪುವಂಥದು. ನನ್ನ ಅಭಿಪ್ರಾಯದಲ್ಲಿ ಜೋಡಿ ಕೆಲಸವನ್ನು ಪೂರ್ತಿಯಾಗಿ ಬಿಡಬೇಕಾಗಿಲ್ಲ. ಉಪಾಧ್ಯಾಯರು ಮೊದಲು ಆಡಿ ತೋರಿಸಿದ ಮೇಲೆ ಮಾತ್ರ ಅದನ್ನು ಮಕ್ಕಳ ಕೈಗೆ ಕೊಡಬೇಕು.

ನಮ್ಮ ಊರಿಗೆ ಹೊಂದುವ ಮೂರು ಆಟಗಳನ್ನು ಇಲ್ಲಿ ನಿದರ್ಶನವಾಗಿ ಹೇಳಬಹುದು.

ಮೊದಲನೆಯದು ನಮ್ಮ ಮಕ್ಕಳು ಆಡಿಕೊಂಡೇ ಬೆಳೆದ ಕೆರೆ-ದಡ. ನೆಲದ ಮೇಲೊಂದು ಗೆರೆ. ಕೂಗುವವನು ಕೆರೆ ಎಂದರೆ ಒಳಕ್ಕೆ, ದಡ ಎಂದರೆ ಹೊರಕ್ಕೆ ಜಿಗಿಯಬೇಕು. ಆ ಎರಡು ಮಾತುಗಳ ಬದಲು ಇಂಗ್ಲಿಷಿನ ಆಜ್ಞೆಗಳನ್ನು ಬಳಸಿದರೆ ಸಾಕು: 'ಟರ್ನ್ ಲೆಫ್ಟ್', 'ಟಚ್ ದ ವಾಲ್', 'ಪುಟ್ ಯುವರ್ ಬುಕ್ ಅಂಡರ್ ದ ಬೆಂಚ್'. ಕೇಳಿದ ಮಾತಿಗೆ ಮೈಯಿಂದ ಉತ್ತರಿಸುತ್ತ ಭಾಷೆ ಕಲಿಯುವ ಈ ಬಗೆಯನ್ನು ಅಮೆರಿಕದ ಮನಃಶಾಸ್ತ್ರಜ್ಞ ಜೇಮ್ಸ್ ಆಶರ್ ಅವರು 1960ರ ದಶಕದಲ್ಲಿ ಒಂದು ಬೋಧನಕ್ರಮವನ್ನಾಗಿಯೇ ರೂಪಿಸಿದರು. ಮಾತನಾಡಲು ನಾಚುವ ಮಗುವೂ ಇದರಲ್ಲಿ ಪಾಲುಗೊಳ್ಳಬಲ್ಲದು. ಒಂದು ತಿದ್ದುಪಡಿ ಮಾತ್ರ ಅವಶ್ಯಕ. ಬಯಲಿನ ಆಟದಲ್ಲಿ ತಪ್ಪಿದವನು ಹೊರಗೆ ಹೋಗಬೇಕು. ತರಗತಿಯಲ್ಲಿ ಹಾಗೆ ಮಾಡಿದರೆ ಯಾರಿಗೆ ಕಲಿಕೆ ಹೆಚ್ಚು ಬೇಕೋ ಅವರೇ ಮೊದಲು ಹೊರಬೀಳುತ್ತಾರೆ. ತಪ್ಪಿದವನಿಗೆ ಕೂಗುವ ಅಧಿಕಾರ ಕೊಡಬೇಕು. ಆಗ ತಪ್ಪುವುದು ಅವಮಾನವೆನಿಸುವುದಿಲ್ಲ.

ಎರಡನೆಯದು ಬಸ್ಸಿನ ವೇಳಾಪಟ್ಟಿ. ಪಾವಗಡ, ಮಧುಗಿರಿ, ಕೊರಟಗೆರೆ, ತುಮಕೂರು ಎಂದು ಊರುಗಳನ್ನು ಸಾಲಾಗಿ ಬರೆದು, ಉಪಾಧ್ಯಾಯರೇ ಕಲ್ಪಿಸಿದ ವೇಳೆಗಳನ್ನು ಎರಡು ಚೀಟಿಗಳಲ್ಲಿ ಹಂಚಬೇಕು. ಹೊರಡುವ ವೇಳೆ ಒಬ್ಬನ ಚೀಟಿಯಲ್ಲಿ, ತಲಪುವ ವೇಳೆ ಇನ್ನೊಬ್ಬನ ಚೀಟಿಯಲ್ಲಿ. ಹನ್ನೊಂದು ಗಂಟೆಯೊಳಗೆ ತುಮಕೂರಿನ ಆಸ್ಪತ್ರೆಯನ್ನು ಸೇರಬೇಕಾದವನು ಪಾವಗಡದಲ್ಲಿ ಯಾವ ಬಸ್ಸನ್ನು ಹತ್ತಬೇಕು? ಒಬ್ಬರ ಚೀಟಿಯನ್ನು ಇನ್ನೊಬ್ಬರು ನೋಡುವಂತಿಲ್ಲ; ಕೇಳಿಯೇ ತಿಳಿಯಬೇಕು. 'ವಾಟ್ ಟೈಮ್ ಡಸ್ ಇಟ್ ರೀಚ್ ಮಧುಗಿರಿ?' ಎಂಬ ವಾಕ್ಯವನ್ನು ಹತ್ತು ಸಲ ಬರೆಸುವುದಕ್ಕೂ, ಉತ್ತರ ಬೇಕಾಗಿ ಮೂರು ಸಲ ಕೇಳುವುದಕ್ಕೂ ಇರುವ ವ್ಯತ್ಯಾಸ ಆಗ ಗೋಚರವಾಗುತ್ತದೆ.

ಮೂರನೆಯದು ಸಂತೆ. ಅರ್ಧ ತರಗತಿ ಮಾರುವವರು, ಅರ್ಧ ಕೊಳ್ಳುವವರು. ಒಂದೊಂದು ಅಂಗಡಿಯಲ್ಲಿ ಕಡಲೆಕಾಯಿ, ಹುಣಸೆಹಣ್ಣು, ಬಾಳೆಹಣ್ಣಿಗೆ ಬೇರೆಬೇರೆ ಬೆಲೆ. ಕೊಳ್ಳುವವನ ಬಳಿ ಇಂತಿಷ್ಟೇ ಕಾಗದದ ಹಣ. ಚೌಕಾಸಿ ಮಾಡದೆ ಎಲ್ಲವನ್ನೂ ಕೊಳ್ಳುವಂತಿರಬಾರದು. ವ್ಯಾಪಾರದ ಜಾಣ್ಮೆ ನಮ್ಮ ಮಕ್ಕಳಿಗೆ ಮೊದಲೇ ಇದೆ, ಭಾಷೆಯೊಂದೇ ಹೊಸದು.

ಇವುಗಳಿಗೆ ಪ್ರತಿಯಾಗಿ, ಆಟದ ವೇಷ ತೊಟ್ಟ ಬಾಯಿಪಾಠವೂ ಉಂಟು. ಪದಗಳ ಅಂತ್ಯಾಕ್ಷರಿಯಲ್ಲಿ ಮುಂದಿನ ಸಾಲಿನ ಇಬ್ಬರು ಚುರುಕು ಮಕ್ಕಳು ಆಡುತ್ತಾರೆ, ಉಳಿದ ಐವತ್ತು ಮಂದಿ ನೋಡುತ್ತಾರೆ. ಅರ್ಥವರಿಯದೆ ಕೈಯಾಡಿಸುತ್ತ ಹಾಡುವ ಹಾಡಿನಿಂದ ರಾಗ ಉಳಿಯುತ್ತದೆಯೇ ಹೊರತು ಮಾತು ಉಳಿಯುವುದಿಲ್ಲ. ವಾರ್ಷಿಕೋತ್ಸವದ ವೇದಿಕೆಯ ಮೇಲೆ ಇವು ಶೋಭಿಸುತ್ತವೆ, ನಿಜ. ಆದರೆ ಅತಿಥಿಗಳ ಚಪ್ಪಾಳೆಯನ್ನು ಕಲಿಕೆಯ ಪ್ರಮಾಣವೆಂದು ಭಾವಿಸಲಾಗದು.

ಉಪಾಧ್ಯಾಯ ಬಂಧುಗಳ ಆಕ್ಷೇಪಗಳು ನನಗೆ ತಿಳಿಯದವೇನಲ್ಲ. ಪಠ್ಯವನ್ನು ಮುಗಿಸಬೇಕು, ಹತ್ತನೆಯ ತರಗತಿಯ ಸಾರ್ವಜನಿಕ ಪರೀಕ್ಷೆಯು ಬರವಣಿಗೆಯ ಪರೀಕ್ಷೆ, ಗದ್ದಲವಾದರೆ ಪಕ್ಕದ ಕೊಠಡಿಯವರು ಬೇಸರಿಸುತ್ತಾರೆ. ಇವೆಲ್ಲವೂ ನಿಜ. ಆದರೆ ನಾನು ಕೇಳುತ್ತಿರುವುದು ವಾರಕ್ಕೆ ಎರಡು ದಿನ, ಹದಿನೈದು ನಿಮಿಷ. ಬಸ್ಸಿನ ಆಟದ ಕೊನೆಯಲ್ಲಿ ಪ್ರತಿಯೊಬ್ಬರೂ ಆ ಪ್ರಯಾಣಿಕನಿಗೆ ನಾಲ್ಕು ಸಾಲಿನ ಪತ್ರ ಬರೆದರೆ ಪರೀಕ್ಷೆಯ ಸಿದ್ಧತೆಯೂ ಆಯಿತು. ಆಟದ ನಡುವೆ ತಪ್ಪನ್ನು ಹಿಡಿಯದೆ, ಮುಗಿದ ಮೇಲೆ ಎರಡು ಮೂರು ತಪ್ಪುಗಳನ್ನು ಹೆಸರು ಹೇಳದೆ ಹಲಗೆಯ ಮೇಲೆ ತಿದ್ದಿದರೆ ವ್ಯಾಕರಣವೂ ಆಯಿತು. 1985ರಲ್ಲಿ ಪ್ರಕಟವಾದ ಬೆಂಗಳೂರು ಪ್ರಯೋಗದ ಮೌಲ್ಯಮಾಪನವು, ಪ್ರತಿಯೊಂದು ಬಗೆಯ ತರಗತಿಯೂ ತನಗೆ ರೂಢಿಯಾದ ಬಗೆಯ ಪರೀಕ್ಷೆಯಲ್ಲಿ ಮುಂದಿರುವುದನ್ನು ತೋರಿಸಿತು. ಅರ್ಥಾತ್, ಬರೆಯಿಸಿದರೆ ಬರೆಯಬಲ್ಲರು, ಬಳಸಿಸಿದರೆ ಬಳಸಬಲ್ಲರು. ನಮ್ಮ ಮಕ್ಕಳಿಗೆ ಎರಡೂ ಬೇಕು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಇಂಗ್ಲಿಷಿನ ತರಗತಿಯಲ್ಲಿ ಕನ್ನಡವನ್ನೋ ತೆಲುಗನ್ನೋ ಆಡಿದ ಮಗುವಿಗೆ ದಂಡ ವಿಧಿಸುವುದು ಸರ್ವಥಾ ಸಲ್ಲದು. ಆಟದ ನಿಯಮವನ್ನು ಮಗುವಿನ ಭಾಷೆಯಲ್ಲಿ ತಿಳಿಸಿ, ಆಟವನ್ನು ಇಂಗ್ಲಿಷಿನಲ್ಲಿ ಆಡಿಸಬೇಕು. ತಾಯ್ನುಡಿಗಾಗಿ ಶಿಕ್ಷೆಗೊಳಗಾದ ಮಗು ಇಂಗ್ಲಿಷನ್ನು ಕಲಿಯುವುದಿಲ್ಲ, ಮೌನವನ್ನು ಕಲಿಯುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹಬ್ಬಿದ ನಲಿ-ಕಲಿ ಕ್ರಮವು ಕೆಳಗಿನ ತರಗತಿಗಳಲ್ಲಿ ನಲಿವಿಗೆ ಎಡೆಮಾಡಿಕೊಟ್ಟಿತು. ಆದರೆ ಮಗು ಪ್ರೌಢಶಾಲೆಯನ್ನು ಸೇರುವ ವೇಳೆಗೆ, ಅಂದರೆ ನಾಚಿಕೆಯೂ ಭಯವೂ ಹೆಚ್ಚುವ ವಯಸ್ಸಿನಲ್ಲಿಯೇ, ಆಟ ಹಿಂದೆ ಸರಿದು ಗೈಡು ಮುಂದೆ ಬರುತ್ತದೆ. ಆಟ ಹೆಚ್ಚಾಗಿ ಬೇಕಾಗಿರುವುದು ಆಗಲೇ.

ಕಡೆಯದಾಗಿ, ಶಾಲೆಯ ಹಿತಚಿಂತಕರಾದ ದಾನಿಗಳಲ್ಲಿ ಹಾಗೂ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿಜ್ಞಾಪನೆ. ಯಂತ್ರೋಪಕರಣಗಳನ್ನು ಕೊಡುವ ಉದಾರಬುದ್ಧಿಗೆ ನಾವು ಋಣಿಗಳು. ಆದರೆ ಇಲ್ಲಿ ಹೇಳಿದ ಆಟಗಳಿಗೆ ಬೇಕಾದುದು ರಟ್ಟಿನ ಚೀಟಿ, ಬಣ್ಣದ ಸೀಮೆಸುಣ್ಣ, ಒಂದು ನಕ್ಷೆ, ಮತ್ತು ಉಪಾಧ್ಯಾಯರ ತರಬೇತಿಗೆ ಕೆಲವು ದಿನಗಳ ಬಿಡುವು. ಅವುಗಳಿಗಿಂತ ಮಿಗಿಲಾಗಿ ಬೇಕಾದುದು ತಾವೇ. ವರ್ಷಕ್ಕೊಂದು ಮಧ್ಯಾಹ್ನ ತರಗತಿಗೆ ಬಂದು ಕುಳಿತು, ತಾವು ಮಾಡುವ ಉದ್ಯೋಗವೇನೆಂದು ಹೇಳದೆ, ಮಕ್ಕಳೇ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿ ಕಂಡುಹಿಡಿಯಲು ಬಿಡಿ. ಹೌದು ಅಥವಾ ಅಲ್ಲ ಎಂದಷ್ಟೇ ಉತ್ತರಿಸಿ. ತಮ್ಮ ಶಾಲೆಯಲ್ಲಿಯೇ ಓದಿದವರೊಬ್ಬರು ತಮ್ಮ ಮುರುಕು ಇಂಗ್ಲಿಷನ್ನು ಆದರದಿಂದ ಆಲಿಸಿ ಉತ್ತರಿಸಿದರೆಂಬ ಧೈರ್ಯ ಆ ಮಕ್ಕಳಿಗೆ ಬಹುಕಾಲ ಆಸರೆಯಾಗುವುದು.